ಕೇಬಲ್ ಚುಚ್ಚಿದರೆ ನೆಟ್ ಹೋಗುತ್ತದೆಯೇ? ಮನೆಯ ನೆಟ್‌ವರ್ಕ್ ಜಗಳ ಬಿಡಿಸುವ ದಾರಿ

"ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದ ಕೂಡಲೇ ನೆಟ್ ಹೋಗುತ್ತದೆ, ತೆಗೆದರೆ ವೈಫೈಯಲ್ಲಿ ಬರುತ್ತದೆ. ಎಂತ ಮಾಡುವುದು?" ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆಯ ಪ್ರಶ್ನೆ ಇದು. "ಹೊಸ ರೌಟರ್ ಹಾಕಿದ ಮೇಲೆ ಕೆಳಗಿನ ಪ್ರಿಂಟರ್ ಮೇಲಿನ ಕೋಣೆಗೆ ಕಾಣುವುದೇ ಇಲ್ಲ." ಇದು ಪೆರ್ಲದ್ದು. "ದಿನಕ್ಕೆರಡು ಸಲ ನೆಟ್ ಸಾಯುತ್ತದೆ, ಎಲ್ಲ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ." ಇದು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲರದ್ದೂ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳಿ ಸಾಕಾಗಿದೆ. ಹಾಗಾಗಿ ಒಮ್ಮೆ ಕೂತು ಬರೆದುಬಿಡೋಣ ಎಂದುಕೊಂಡೆ.

ನಮ್ಮ ಕಡೆಯ ಮನೆಗಳ ಕಥೆ ನಿಮಗೆ ಗೊತ್ತೇ ಇದೆ. ಫೈಬರ್ ಬಂದು ಮುಟ್ಟುವುದು ಚಾವಡಿಯ ಮೂಲೆಗೆ. ಕೆಲಸ ಮಾಡುವ ಕೋಣೆ ಮಾಳಿಗೆಯಲ್ಲಿ, ಇಲ್ಲವೇ ಹಿಂದುಗಡೆ ಅಡಿಕೆ ರಾಶಿ ಹಾಕುವ ಕೋಣೆಯ ಪಕ್ಕ. ನಡುವೆ ಕೆಂಪುಕಲ್ಲಿನ ದಪ್ಪ ಗೋಡೆ ಎರಡೋ ಮೂರೋ. ವೈಫೈ ಅಲ್ಲಿಗೆ ಹೋಗಿ ಮುಟ್ಟುವಾಗ ಉಸಿರು ಕಟ್ಟಿರುತ್ತದೆ. ಆಗ ಕಾಸರಗೋಡು ಪೇಟೆಯಿಂದಲೋ ಮಂಗಳೂರಿನಿಂದಲೋ ಇನ್ನೊಂದು ರೌಟರ್ ತರುತ್ತೇವೆ. ಒಂದು ಉದ್ದದ ಕೇಬಲ್ ಎಳೆಯುತ್ತೇವೆ. ಜಗಳ ಶುರುವಾಗುವುದು ಅಲ್ಲಿಂದ.

ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಮೂಲ ಕಾರಣ ಒಂದೇ: ವಿಳಾಸ ಹಂಚುವವರು ಇಬ್ಬರು. ಉಳಿದದ್ದೆಲ್ಲ ಅದರ ಬಾಲ.

ಮೊದಲು ನಾಲ್ಕು ಶಬ್ದ

ಐಪಿ ವಿಳಾಸ ಅಂದರೆ ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ಇರುವ ನಂಬರ್. ಪಂಚಾಯತಿನವರು ಬಾಗಿಲ ದಾರಂದದ ಮೇಲೆ ವಾರ್ಡ್ ನಂಬರ್, ಒಂದು ಗೆರೆ, ಮನೆ ನಂಬರ್ ಬರೆದು ಹೋಗುತ್ತಾರಲ್ಲ, ಹಾಗೆ. 192.168.1.25 ಎಂದಿದ್ದರೆ ಮೊದಲ ಮೂರು ಸಂಖ್ಯೆ ವಾರ್ಡ್, ಕೊನೆಯ 25 ಮನೆ. ಮನೆಯ ಸಾಮಾನ್ಯ ರೌಟರ್‌ಗಳಲ್ಲಿ ಲೆಕ್ಕ ಹೀಗೆಯೇ. ಒಂದೇ ವಾರ್ಡಿನವರು ನೇರವಾಗಿ ಮಾತಾಡಿಕೊಳ್ಳಬಹುದು. ಬೇರೆ ವಾರ್ಡಾದರೆ ನಡುವೆ ಒಬ್ಬರು ಬೇಕು.

ಆ ನಡುವಿನವನೇ ಗೇಟ್‌ವೇ. ಅಂಗಳದಿಂದ ರಸ್ತೆಗೆ ಇಳಿಯುವ ಗೇಟು ಅಂದುಕೊಳ್ಳಿ. ಇಂಟರ್ನೆಟ್ಟಿಗೆ ಹೋಗುವುದೆಲ್ಲ ಇದರ ಮೂಲಕವೇ.

ಡಿಎಚ್‌ಸಿಪಿ ಎಂದರೆ ಹೊಸದಾಗಿ ಬಂದ ಫೋನು, ಲ್ಯಾಪ್‌ಟಾಪಿಗೆ ತಾನಾಗಿ ನಂಬರ್ ಕೊಡುವ ಗುಮಾಸ್ತ. ಇವನು ಸಾಮಾನ್ಯವಾಗಿ ರೌಟರಿನ ಒಳಗೇ ಕೂತಿರುತ್ತಾನೆ. ನಂಬರ್ ಕೊಡುವಾಗಲೇ "ನಿನ್ನ ಗೇಟು ಇದು" ಎಂದೂ ಹೇಳುತ್ತಾನೆ.

ನಾಲ್ಕನೆಯದು ಓಎನ್‌ಟಿ. ಬಿಎಸ್ಎನ್ಎಲ್ ಇರಲಿ, 2023ರ ಜೂನಿನಲ್ಲಿ ಶುರುವಾದ ಕೇರಳ ಸರ್ಕಾರದ ಕೆ-ಫೋನ್ ಇರಲಿ, ಊರಿನ ಕೇಬಲ್ ಟಿವಿಯವರಿರಲಿ, ಯಾರ ಫೈಬರ್ ಆದರೂ ಕೊನೆಗೆ ಗೋಡೆಯಲ್ಲಿ ಒಂದು ಪೆಟ್ಟಿಗೆ ಕೂರುತ್ತದೆ. ನಾವು ಅದನ್ನು ಮೋಡೆಮ್ ಎನ್ನುತ್ತೇವೆ. ಎಡವಟ್ಟಾಗುವುದು ಇಲ್ಲೇ. ಹೆಸರಿಗೆ ಮೋಡೆಮ್ ಆದರೂ ಈಗಿನ ಹೆಚ್ಚಿನ ಪೆಟ್ಟಿಗೆಗಳ ಒಳಗೆ ಪೂರ್ತಿ ರೌಟರೇ ಇದೆ, ಗುಮಾಸ್ತನೂ ಇದ್ದಾನೆ. ನೀವು ತಂದ ಹೊಸ ರೌಟರಿನಲ್ಲೂ ಒಬ್ಬ ಗುಮಾಸ್ತ. ಇಬ್ಬರೂ ನಂಬರ್ ಹಂಚುತ್ತಾ ಕೂತರೆ ಅಂಚೆಯವನ ಗತಿ ಏನು?

192.168 ಎಂದು ಶುರುವಾಗುವ ನಂಬರ್‌ಗಳನ್ನು ಮನೆ, ಆಫೀಸಿನ ಒಳಗಿನ ಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಈಗ ಚಾಲ್ತಿಯಲ್ಲಿರುವ ನಿಯಮ 1996ರದ್ದು. ಹಾಗಾಗಿ ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ 192.168.1.1 ಇರಬಹುದು, ಏನೂ ಆಗುವುದಿಲ್ಲ. ಒಂದೇ ಮನೆಯಲ್ಲಿ ಎರಡಿದ್ದರೆ ಮಾತ್ರ ಆಪತ್ತು.

ಏನೆಲ್ಲ ಬೇಕು

ಲ್ಯಾನ್ ಕೇಬಲ್ ಚುಚ್ಚಲು ಬರುವ ಲ್ಯಾಪ್‌ಟಾಪ್ ಒಂದು. ಈಗಿನ ತೆಳ್ಳಗಿನವುಗಳಲ್ಲಿ ಆ ಕಿಂಡಿ ಇರುವುದಿಲ್ಲ, ಯುಎಸ್‌ಬಿಗೆ ಹಾಕುವ ಅಡಾಪ್ಟರ್ ತರಿಸಿಕೊಳ್ಳಿ. ಖಂಡಿತ ಸರಿಯಿದೆ ಎಂದು ಗೊತ್ತಿರುವ ಒಂದು ಗಿಡ್ಡ ಕೇಬಲ್. ರೌಟರ್ ಜೊತೆಗೆ ಬಂದದ್ದು ಪ್ಲಾಸ್ಟಿಕ್ಕಿನಲ್ಲೇ ಸುತ್ತಿ ಕಪಾಟಿನಲ್ಲಿ ಇರುತ್ತದೆ, ಹುಡುಕಿ. ಕಾಗದ, ಪೆನ್ನು. ಫೋನಿನ ಕ್ಯಾಮೆರಾ. ಎರಡೂ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿಯ ಫೋಟೋ ಮೊದಲೇ ತೆಗೆದಿಡಿ. ಲಾಗಿನ್ ವಿಳಾಸ, ಹೆಸರು, ಪಾಸ್‌ವರ್ಡ್ ಅಲ್ಲೇ ಇರುತ್ತವೆ.

ಬೇಡದ್ದು ಒಂದುಂಟು: ಸೂಜಿ. ಕಂಪನಿಯ ಪೆಟ್ಟಿಗೆಯ ರಿಸೆಟ್ ತೂತಿಗೆ ಸುಮ್ನೆ ಸೂಜಿ ಹಾಕಬೇಡಿ. ನಿಮ್ಮ ಸಂಪರ್ಕದ ಯೂಸರ್ ನೇಮ್, ಪಾಸ್‌ವರ್ಡ್ ಮತ್ತು ಕಂಪನಿಯವರು ಹಾಕಿದ ಸೆಟ್ಟಿಂಗ್‌ಗಳು ಅಳಿಸಿಹೋಗಬಹುದು. ಆಮೇಲೆ ಅವರು ಬರುವ ತನಕ ಮನೆಯಲ್ಲಿ ನೆಟ್ಟೇ ಇಲ್ಲ. ಆಫ್ ಮಾಡಿ ಆನ್ ಮಾಡುವುದು ಬೇರೆ, ರಿಸೆಟ್ ಬೇರೆ.

ಹಂತ 1: ಕಾಗದದಲ್ಲಿ ಚಿತ್ರ ಬರೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಪ್ರತಿ ಪೆಟ್ಟಿಗೆಗೂ ಒಂದು ಚೌಕ ಹಾಕಿ. ಯಾವ ಕೇಬಲ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಗೆರೆ ಎಳೆಯಿರಿ. ಯಾವ ಕಿಂಡಿ ಎಂದೂ ಬರೆಯಿರಿ. ರೌಟರಿನ ಹಿಂದೆ ಒಂದು ಕಿಂಡಿಯ ಬಣ್ಣ ಅಥವಾ ಹೆಸರು ಬೇರೆ ಇರುತ್ತದೆ, ವ್ಯಾನ್ ಅಂತಲೋ ಇಂಟರ್ನೆಟ್ ಅಂತಲೋ. ಹೊರಗಿನಿಂದ ನೆಟ್ ಒಳಗೆ ಬರುವ ಬಾಗಿಲು ಅದು. ಉಳಿದವು ಲ್ಯಾನ್, ಮನೆಯೊಳಗೆ ಹಂಚುವ ಬಾಗಿಲುಗಳು. ಮಾಳಿಗೆಗೆ ಹೋದ ಕೇಬಲ್ ಎರಡನೇ ರೌಟರಿನ ವ್ಯಾನ್‌ಗೆ ಹೋಗಿದೆಯೋ ಲ್ಯಾನ್‌ಗೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಕೇಬಲಿನ ಒಂದು ತುದಿ ಎಲ್ಲಿ ಹೋಯಿತೆಂದು ಗೊತ್ತಾಗದಿದ್ದರೆ ಅಂದಾಜು ಮಾಡಬೇಡಿ. ಎಳೆದು ನೋಡಿ, ಅಟ್ಟ ಹತ್ತಿ ನೋಡಿ.

ಹಂತ 2: ತೊಂದರೆ ಹೊರಗೋ ಒಳಗೋ?

ಕಂಪನಿಯ ಪೆಟ್ಟಿಗೆಯಿಂದ ಎಲ್ಲ ಲ್ಯಾನ್ ಕೇಬಲ್ ತೆಗೆಯಿರಿ. ಫೈಬರನ್ನು ಮುಟ್ಟಬೇಡಿ. ಅದು ಗಾಜಿನ ಎಳೆ, ಜಾಸ್ತಿ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಗಿಡ್ಡ ಕೇಬಲಿನಿಂದ ಲ್ಯಾಪ್‌ಟಾಪ್ ಒಂದನ್ನೇ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ನೆಟ್ ಬರುತ್ತದೆಯಾ?

ಬಂದರೆ ಕಂಪನಿಯವರ ತಪ್ಪಿಲ್ಲ, ಜಗಳ ನಮ್ಮ ಮನೆಯೊಳಗಿನದ್ದು. ಬಾರದಿದ್ದರೆ ಪೆಟ್ಟಿಗೆಯ ದೀಪ ನೋಡಿ. ಎಲ್‌ಒಎಸ್ ಎಂದು ಬರೆದಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ದಾರಿಯಲ್ಲಿ ಎಲ್ಲೋ ತೆಂಗಿನ ಮಡಲು ಬಿದ್ದಿರಬಹುದು. ಕಂಪನಿಗೆ ಫೋನ್ ಮಾಡಿ, ಈ ಲೇಖನ ಆಮೇಲೆ ಓದಿ.

ಹಂತ 3: ನಂಬರ್ ಓದಿ

ಈಗ ಎಲ್ಲವನ್ನೂ ಮೊದಲಿನಂತೆ ಜೋಡಿಸಿ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಸಲ ನೋಡಬೇಕು. ಮೊದಲು ಕೇಬಲ್ ತೆಗೆದು ವೈಫೈ ಮಾತ್ರ. ಆಮೇಲೆ ವೈಫೈ ಆಫ್ ಮಾಡಿ ಕೇಬಲ್ ಮಾತ್ರ. ಎರಡೂ ಸಲ ಐಪಿ ವಿಳಾಸ ಮತ್ತು ಗೇಟ್‌ವೇ ಬರೆದುಕೊಳ್ಳಿ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ಸ್ಪೆಲ್ಲಿಂಗ್ ಐ-ಪಿ-ಸಿ-ಒ-ಎನ್-ಎಫ್-ಐ-ಜಿ, ಮಧ್ಯೆ ಜಾಗ ಬಿಡಬಾರದು. ಐಪಿವಿ4 ಅಡ್ರೆಸ್, ಡೀಫಾಲ್ಟ್ ಗೇಟ್‌ವೇ ಎಂಬ ಎರಡು ಸಾಲು ನಿಮಗೆ ಬೇಕಾದದ್ದು. ಐಫೋನಿನಲ್ಲಾದರೆ ವೈಫೈ ಹೆಸರಿನ ಪಕ್ಕದ ಐ ಗುರುತು ಒತ್ತಿ, ರೌಟರ್ ಎಂದಿರುವುದೇ ಗೇಟ್‌ವೇ. ಆಂಡ್ರಾಯ್ಡಿನಲ್ಲಿ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತಿನೊಳಗೆ ಸಿಗುತ್ತದೆ.

ಫೋನಿನಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ: ಮೊಬೈಲ್ ಡೇಟಾ ಆಫ್ ಮಾಡಿ. ವೈಫೈಯಲ್ಲಿ ನೆಟ್ ಇಲ್ಲದಿದ್ದರೆ ಫೋನು ಸದ್ದಿಲ್ಲದೆ ಡೇಟಾಕ್ಕೆ ಹಾರುತ್ತದೆ. ನೀವು "ವೈಫೈ ಸರಿ ಉಂಟು" ಎಂದು ನಂಬಿ ಗಂಟೆಗಟ್ಟಲೆ ತಪ್ಪು ಕಡೆ ಹುಡುಕುತ್ತೀರಿ.

ಬರೆದುಕೊಂಡದ್ದನ್ನು ಹೀಗೆ ಓದಿ:

ಎರಡರಲ್ಲೂ ಒಂದೇ ವಾರ್ಡ್, ಒಂದೇ ಗೇಟ್‌ವೇ ಇದ್ದು, ಆ ಗೇಟ್‌ವೇಯ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದಾಗ ಎರಡೂ ಸಲ ಒಂದೇ ಪೆಟ್ಟಿಗೆಯ ಲಾಗಿನ್ ಪುಟ ಬಂದರೆ ಹಂಚುವವನು ಒಬ್ಬನೇ. ಹಂತ 5ಕ್ಕೆ ಹೋಗಿ.

ಗೇಟ್‌ವೇ ಒಂದೊಂದು ಕಡೆ ಒಂದೊಂದು, ಉದಾಹರಣೆಗೆ 192.168.1.1 ಮತ್ತು 192.168.0.1 ಇದ್ದರೆ ಮನೆಯಲ್ಲಿ ಎರಡು ವಾರ್ಡ್ ಆಗಿದೆ. ಪ್ರಿಂಟರ್ ಕಾಣದಿರುವುದು ಇದಕ್ಕೇ.

ಗೇಟ್‌ವೇ ಎರಡೂ ಸಲ 192.168.1.1, ಆದರೆ ಲಾಗಿನ್ ಪುಟ ಒಮ್ಮೆ ಕಂಪನಿಯದ್ದು, ಒಮ್ಮೆ ನಿಮ್ಮ ರೌಟರಿನದ್ದು. ಎಲ್ಲಕ್ಕಿಂತ ಕೆಟ್ಟದ್ದು ಇದು. ಒಂದೇ ನಂಬರಿನ ಎರಡು ಗೇಟು. "ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಇಲ್ಲ" ಎಂಬ ದೂರು ಹೆಚ್ಚಾಗಿ ಇದರದ್ದೇ.

169.254 ಎಂದು ಶುರುವಾಗುವ ವಿಳಾಸ ಕಂಡರೆ ಯಾರೂ ನಂಬರ್ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ಇಟ್ಟುಕೊಂಡಿದೆ ಎಂದರ್ಥ. ಕೇಬಲ್ ಹಾಳಾಗಿದೆ, ಇಲ್ಲವೇ ಗುಮಾಸ್ತ ಮಲಗಿದ್ದಾನೆ.

ಹಂತ 4: ಒಬ್ಬನೇ ಹಂಚಲಿ

ಮುಖ್ಯ ಕೆಲಸ ಇದು. ಸಮಾಧಾನದಲ್ಲಿ ಮಾಡಿ. ಮನೆಯಲ್ಲಿ ಯಾರಿಗೂ ಆನ್‌ಲೈನ್ ಮೀಟಿಂಗೋ ಪರೀಕ್ಷೆಯೋ ಇಲ್ಲದ ಹೊತ್ತು ನೋಡಿಕೊಳ್ಳಿ.

ಹೆಚ್ಚಿನವರಿಗೆ ನಾನು ಹೇಳುವ ದಾರಿ: ಕಂಪನಿಯ ಪೆಟ್ಟಿಗೆಯೇ ಯಜಮಾನನಾಗಿರಲಿ. ನಿಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ. ಅಂದರೆ ಅದು ನಂಬರ್ ಹಂಚುವುದಿಲ್ಲ, ಕೇಬಲಿನಲ್ಲಿ ಬಂದದ್ದನ್ನು ವೈಫೈ ಮಾಡಿ ಕೊಡುತ್ತದೆ, ಅಷ್ಟೇ. ನಿಮ್ಮ ರೌಟರಿನ ಸೆಟ್ಟಿಂಗಿನಲ್ಲಿ ಆಪರೇಷನ್ ಮೋಡ್ ಎಂಬಲ್ಲಿ ಆಕ್ಸೆಸ್ ಪಾಯಿಂಟ್ ಎಂದು ಇದ್ದರೆ ಅದನ್ನು ಆರಿಸಿ ಸೇವ್ ಮಾಡಿ. ಕೇಬಲನ್ನು ಯಾವ ಕಿಂಡಿಗೆ ಹಾಕಬೇಕೆಂದು ಅದೇ ಹೇಳುತ್ತದೆ. ಅಲ್ಲಿಗೆ ಈ ಹಂತ ಮುಗಿಯಿತು.

ಆ ಸೌಲಭ್ಯ ಇಲ್ಲದ ಹಳೆಯ ರೌಟರ್ ಆದರೆ ಕೈಯಾರೆ ಮಾಡಬೇಕು. ಕ್ರಮ ತಪ್ಪಬಾರದು:

ಅ) ರೌಟರನ್ನು ಕಂಪನಿಯ ಪೆಟ್ಟಿಗೆಯಿಂದ ಬಿಡಿಸಿ. ಲ್ಯಾಪ್‌ಟಾಪನ್ನು ಅದರ ಲ್ಯಾನ್ ಕಿಂಡಿಗೆ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ವೈಫೈ ಆನ್ ಇದ್ದರೆ ನೀವು ತಿಳಿಯದೆ ಕಂಪನಿಯ ಪೆಟ್ಟಿಗೆಯ ಸೆಟ್ಟಿಂಗನ್ನೇ ಬದಲಿಸಿಬಿಡಬಹುದು.

ಆ) ಬ್ರೌಸರಿನಲ್ಲಿ ರೌಟರಿನ ವಿಳಾಸ ಹಾಕಿ. ಅಡಿಯ ಚೀಟಿಯಲ್ಲಿರುತ್ತದೆ, ಸಾಧಾರಣವಾಗಿ 192.168.0.1 ಅಥವಾ 192.168.1.1. ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಇಟ್ಟುಬಿಡಿ.

ಇ) ಲ್ಯಾನ್ ಸೆಟ್ಟಿಂಗಿನಲ್ಲಿ ಅದರ ಸ್ವಂತ ವಿಳಾಸ ಬದಲಿಸಿ. ಕಂಪನಿಯ ಪೆಟ್ಟಿಗೆ 192.168.1.1 ಆದರೆ ಇದಕ್ಕೆ 192.168.1.2 ಕೊಡಿ. ವಾರ್ಡ್ ಒಂದೇ, ಮನೆ ಬೇರೆ. ಸೇವ್ ಮಾಡಿದ ಕೂಡಲೇ ಪುಟ ಸ್ತಬ್ಧವಾಗುತ್ತದೆ. ಹೆದರಬೇಡಿ, ಅದು ಹೊಸ ವಿಳಾಸಕ್ಕೆ ಹೋಗಿದೆ. ಕೇಬಲನ್ನು ಒಮ್ಮೆ ತೆಗೆದು ಹಾಕಿ, ಬ್ರೌಸರಿನಲ್ಲಿ 192.168.1.2 ಎಂದು ಹಾಕಿ ಮತ್ತೆ ಒಳಗೆ ಹೋಗಿ.

ಈ) ಡಿಎಚ್‌ಸಿಪಿ ಸರ್ವರ್ ಎಂಬುದನ್ನು ಆಫ್ ಮಾಡಿ, ಸೇವ್ ಮಾಡಿ. ಇದನ್ನು ಕೊನೆಗೇ ಮಾಡಬೇಕು. ಮೊದಲೇ ಮಾಡಿದರೆ ಲ್ಯಾಪ್‌ಟಾಪಿಗೆ ನಂಬರ್ ಕೊಡುವವರಿಲ್ಲದೆ ನೀವೇ ಹೊರಗೆ ಬೀಳುತ್ತೀರಿ.

ಉ) ಈಗ ಕಂಪನಿಯ ಪೆಟ್ಟಿಗೆಯ ಲ್ಯಾನ್‌ನಿಂದ ಬಂದ ಕೇಬಲನ್ನು ನಿಮ್ಮ ರೌಟರಿನ ಲ್ಯಾನ್‌ಗೆ ಹಾಕಿ. ವ್ಯಾನ್ ಕಿಂಡಿ ಖಾಲಿ. ಬೇಕಾದರೆ ಅದರ ಮೇಲೆ ಒಂದು ತುಂಡು ಟೇಪು ಅಂಟಿಸಿ. ನಾನು ಅಂಟಿಸುತ್ತೇನೆ. ಇಲ್ಲದಿದ್ದರೆ ಮುಂದಿನ ಸಲ ಯಾರಾದರೂ "ಬಣ್ಣದ್ದಕ್ಕೆ ಅಲ್ವಾ ಹಾಕಬೇಕಾದ್ದು" ಎಂದು ಸರಿ ಮಾಡಿಬಿಡುತ್ತಾರೆ.

ಊ) ಕಂಪನಿಯ ಪೆಟ್ಟಿಗೆಯ ಒಳಗೆ ಹೋಗಿ ಡಿಎಚ್‌ಸಿಪಿ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಹಂಚುತ್ತದೆ ಎಂದು ನೋಡಿ. ಎಷ್ಟೋ ಪೆಟ್ಟಿಗೆಗಳಲ್ಲಿ ಅದು 2ರಿಂದಲೇ ಶುರು. ನೀವು ಈಗಷ್ಟೇ ಕೊಟ್ಟ 2ನ್ನು ಅದು ನಾಳೆ ಯಾರದ್ದೋ ಫೋನಿಗೆ ಕೊಟ್ಟೀತು. 100ರಿಂದ 200ರವರೆಗೆ ಎಂದು ಬದಲಿಸಿ. ಮನೆಗೆ ನೂರು ನಂಬರ್ ಧಾರಾಳ. ಬದಲಿಸಲು ಕಂಪನಿಯವರು ಬಿಡದಿದ್ದರೆ ನಿಮ್ಮ ರೌಟರಿಗೇ ಅವರ ಪಟ್ಟಿಯ ಹೊರಗಿನ ಒಂದು ನಂಬರ್ ಹುಡುಕಿ ಕೊಡಿ.

ಎಲ್ಲ ಮುಗಿದ ಮೇಲೆ ಫೋನು, ಲ್ಯಾಪ್‌ಟಾಪ್, ಟಿವಿ, ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹಳೆಯ ನಂಬರನ್ನೇ ಹಿಡಿದುಕೊಂಡು ಕೂತಿರುತ್ತವೆ.

ಇನ್ನೊಂದು ದಾರಿ ಇದರ ತಿರುಗುಮುರುಗು. ಕಂಪನಿಯ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ ಹಾಕಿಸಿ, ಅಂದರೆ ಬರೀ ಮೋಡೆಮ್ ಮಾಡಿಸಿ, ನಿಮ್ಮ ರೌಟರನ್ನು ಯಜಮಾನ ಮಾಡುವುದು. ದುಬಾರಿ ರೌಟರ್ ತಂದವರಿಗೆ ಇದು ಒಳ್ಳೆಯದು. ಆದರೆ ಕಂಪನಿಯವರಿಂದಲೇ ಮಾಡಿಸಿ. ಆ ಪೆಟ್ಟಿಗೆಯಲ್ಲೇ ಲ್ಯಾಂಡ್‌ಲೈನ್ ಫೋನು ಕೂಡ ಇದ್ದರೆ ಅದು ಹಾಗೆಯೇ ಉಳಿಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಎರಡೂ ಬೇಡ, ಈಗಿದ್ದ ಹಾಗೆಯೇ ವ್ಯಾನ್‌ಗೆ ಹಾಕಿಕೊಂಡಿರುತ್ತೇನೆ ಅನ್ನುವವರೂ ಇದ್ದಾರೆ. ಆಗಬಹುದು. ಆದರೆ ಎರಡರ ವಾರ್ಡ್ ಬೇರೆಯಾಗಿರಲೇಬೇಕು. ಕಂಪನಿಯದ್ದು 192.168.1 ಆದರೆ ನಿಮ್ಮದು 192.168.50 ಇರಲಿ. ಯೂಟ್ಯೂಬ್, ವಾಟ್ಸಾಪ್ ಸರಿಯಾಗಿಯೇ ಹೋಗುತ್ತವೆ. ಚಾವಡಿಯ ವೈಫೈಯಲ್ಲಿರುವ ಫೋನು ಮಾಳಿಗೆಯ ಪ್ರಿಂಟರನ್ನು ನೋಡುವುದಿಲ್ಲ, ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡುವುದೂ ಕಷ್ಟವಾದೀತು. ನನಗಂತೂ ಇದು ಇಷ್ಟವಿಲ್ಲ.

ಹಂತ 5: ಸುತ್ತು ಬಿದ್ದಿದೆಯಾ?

ಒಂದು ಕೇಬಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಸೇರಿದರೆ, ಅಥವಾ ಎರಡು ಪೆಟ್ಟಿಗೆಗಳ ನಡುವೆ ಎರಡು ದಾರಿ ಆದರೆ, ಒಂದೇ ಸಂದೇಶ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಸುತ್ತುತ್ತಾ ಹೆಚ್ಚುತ್ತದೆ. ಕ್ಷಣದಲ್ಲಿ ಇಡೀ ಮನೆಯ ನೆಟ್ ಸ್ತಬ್ಧ. ಇಲ್ಲಿ ಸ್ವಿಚ್ ಅಂದರೆ ಲೈಟಿನದ್ದಲ್ಲ, ಒಂದು ಕೇಬಲನ್ನು ನಾಲ್ಕಾರು ಮಾಡುವ ಸಣ್ಣ ಪೆಟ್ಟಿಗೆ.

ನಮ್ಮ ಮನೆಯಲ್ಲೇ ಆಗಿದೆ. ದೀಪಾವಳಿಗೆ ಮೊದಲು ಮೇಜು ಒರೆಸುವಾಗ ಒಂದು ಕೇಬಲಿನ ತುದಿ ನೇತಾಡುವುದು ಕಂಡು, ಪಾಪ ಬಿದ್ದುಹೋಗಿದೆ ಎಂದು ಯಾರೋ ಸ್ವಿಚ್ಚಿಗೆ ಚುಚ್ಚಿಟ್ಟಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ನಾನು ಎರಡು ದಿನ ಕಂಪನಿಯನ್ನು ಬೈದೆ.

ಗುರುತು ಸುಲಭ. ಸ್ವಿಚ್ಚಿನ ದೀಪಗಳು ಸಾಮಾನ್ಯವಾಗಿ ಒಂದೊಂದು ಒಂದೊಂದು ಲಯದಲ್ಲಿ ಮಿಣುಕುತ್ತವೆ. ಸುತ್ತು ಬಿದ್ದಾಗ ಎಲ್ಲ ಒಟ್ಟಿಗೆ, ಜಾತ್ರೆಯ ಸೀರಿಯಲ್ ಲೈಟಿನ ಹಾಗೆ ಬಡಬಡ ಹೊಡೆದುಕೊಳ್ಳುತ್ತವೆ. ಒಂದೊಂದೇ ಕೇಬಲ್ ತೆಗೆಯುತ್ತಾ ಬನ್ನಿ. ಯಾವುದನ್ನು ತೆಗೆದಾಗ ದೀಪಗಳು ಶಾಂತವಾದವೋ ಅದೇ.

ವೈಫೈ ಎಕ್ಸ್‌ಟೆಂಡರ್ ಇದ್ದವರು ಜಾಸ್ತಿ ಜಾಗ್ರತೆ ಮಾಡಿ. ಅದು ಗಾಳಿಯಲ್ಲಿ ಮುಖ್ಯ ರೌಟರಿಗೆ ಅಂಟಿಕೊಂಡಿರುವಾಗಲೇ "ಇನ್ನೂ ಗಟ್ಟಿಯಾಗಲಿ" ಎಂದು ಕೇಬಲನ್ನೂ ಹಾಕಿದರೆ ಅದೂ ಸುತ್ತೇ. ಕೇಬಲ್ ಹಾಕುವುದಾದರೆ ಅದನ್ನೂ ಆಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿ. ಮೆಶ್ ಎಂದು ಮಾರುವ ಜೋಡಿ ಪೆಟ್ಟಿಗೆಗಳು ಸಾಮಾನ್ಯವಾಗಿ ಇದನ್ನು ತಾವೇ ನೋಡಿಕೊಳ್ಳುತ್ತವೆ.

ಹಂತ 6: ಇಬ್ಬರಿಗೆ ಒಂದೇ ನಂಬರ್

ಪ್ರಿಂಟರ್, ಸಿಸಿಟಿವಿಯ ಡಿವಿಆರ್ ಇಂಥವಕ್ಕೆ ಹಾಕಿದವರು ಕೈಯಾರೆ ನಂಬರ್ ಕೊಟ್ಟು ಹೋಗಿರುತ್ತಾರೆ. ಗುಮಾಸ್ತನಿಗೆ ಅದು ಗೊತ್ತಿಲ್ಲ. ಒಂದು ದಿನ ಅದೇ ನಂಬರನ್ನು ನಿಮ್ಮ ಮಗಳ ಲ್ಯಾಪ್‌ಟಾಪಿಗೆ ಕೊಡುತ್ತಾನೆ. ಆಗ ಎರಡೂ ತಡವರಿಸುತ್ತವೆ. ವಿಂಡೋಸ್ ಕೆಲವೊಮ್ಮೆ ಐಪಿ ಅಡ್ರೆಸ್ ಕಾನ್ಫ್ಲಿಕ್ಟ್ ಎಂದು ಬಾಯಿಬಿಟ್ಟು ಹೇಳುತ್ತದೆ, ಕೆಲವೊಮ್ಮೆ ಹೇಳುವುದಿಲ್ಲ.

ಪರಿಹಾರ: ಪ್ರಿಂಟರಿನಲ್ಲಿ ನಂಬರನ್ನು ಆಟೋಮ್ಯಾಟಿಕ್ ಮಾಡಿ. ನಂಬರ್ ಹಂಚುವ ಪೆಟ್ಟಿಗೆಯ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಷನ್ ಎಂಬಲ್ಲಿ ಅದಕ್ಕೊಂದು ನಂಬರ್ ಕಾದಿರಿಸಿ. ಗುರುತಿಗೆ ಮ್ಯಾಕ್ ವಿಳಾಸ ಕೇಳುತ್ತದೆ. ಅದು ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಬರುವ ಹನ್ನೆರಡು ಅಂಕಿ-ಅಕ್ಷರದ ಗುರುತು, ಪ್ರಿಂಟರಿನ ಚೀಟಿಯಲ್ಲಿ ಸಿಗುತ್ತದೆ. ಒಂದೇ ಪ್ರಿಂಟರಿಗೆ ಕೇಬಲಿನದ್ದು ಒಂದು, ವೈಫೈಯದ್ದು ಒಂದು ಹೀಗೆ ಎರಡು ಮ್ಯಾಕ್ ಇರುತ್ತವೆ. ಯಾವುದರಲ್ಲಿ ಜೋಡಿಸಿದ್ದೀರೋ ಅದನ್ನೇ ಬರೆಯಿರಿ. ಇಲ್ಲಿ ತಪ್ಪುವವರು ತುಂಬ ಜನ. ಫೋನಿಗೆ ನಂಬರ್ ಕಾದಿರಿಸುವುದಾದರೆ ಇನ್ನೊಂದು ತಕರಾರು: ಆಂಡ್ರಾಯ್ಡ್ 10 ಮತ್ತು ಐಒಎಸ್ 14ರ ನಂತರದ ಫೋನುಗಳು ನಿಜವಾದ ಮ್ಯಾಕ್ ತೋರಿಸದೆ ಒಂದು ಸುಳ್ಳು ಮ್ಯಾಕ್ ಕೊಡುತ್ತವೆ. ಗುಟ್ಟು ಕಾಯಲು ಒಳ್ಳೆಯದೇ. ಕಾದಿರಿಸಬೇಕಿದ್ದರೆ ನಿಮ್ಮ ಮನೆಯ ವೈಫೈಗೆ ಮಾತ್ರ ಅದನ್ನು ಆಫ್ ಮಾಡಿ.

ನಂಬರೆಲ್ಲ ಸರಿಯಿದ್ದೂ ವೈಫೈಯ ಫೋನಿಗೆ ಕೇಬಲಿನ ಪ್ರಿಂಟರ್ ಕಾಣದಿದ್ದರೆ, ಫೋನು ಗೆಸ್ಟ್ ವೈಫೈಯಲ್ಲಿದೆಯೇ ನೋಡಿ. ನೆಂಟರಿಗೆಂದು ಇಟ್ಟ ಆ ವೈಫೈ ಮನೆಯ ಒಳಗಿನ ಸಾಧನಗಳನ್ನು ತೋರಿಸುವುದಿಲ್ಲ, ತೋರಿಸಲೂಬಾರದು.

ಹಂತ 7: ಲ್ಯಾಪ್‌ಟಾಪ್ ಯಾವ ದಾರಿ ಹಿಡಿಯುತ್ತದೆ?

ಕೇಬಲ್, ವೈಫೈ ಎರಡೂ ಇದ್ದರೆ ಸ್ಪೀಡ್ ಎರಡು ಪಟ್ಟು ಆಗುವುದಿಲ್ಲ. ವಿಂಡೋಸ್ ಪ್ರತಿ ದಾರಿಗೂ ಮೆಟ್ರಿಕ್ ಎಂಬ ಅಂಕ ಕೊಡುತ್ತದೆ. ಕಡಿಮೆ ಅಂಕದ ದಾರಿಗೆ ಮೊದಲ ಮಣೆ. ನೀವು ಏನೂ ಮುಟ್ಟದಿದ್ದರೆ ಈ ಅಂಕ ಕೊಡುವುದು ಸಂಪರ್ಕದ ವೇಗ ನೋಡಿ. ಕೇಬಲಿನ ಆಚೆ ನೆಟ್ ನಿಜವಾಗಿ ಇದೆಯೋ ಇಲ್ಲವೋ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

ನಮ್ಮಲ್ಲಿ ಇದು ಕಾಡುವುದು ಕರೆಂಟು ಹೋದಾಗ. ಮಾಳಿಗೆಯ ಸ್ವಿಚ್ ಇನ್ವರ್ಟರಿನಲ್ಲಿದೆ, ಚಾವಡಿಯ ಪೆಟ್ಟಿಗೆ ಇಲ್ಲ. ಕರೆಂಟು ಹೋಯಿತು. ನೀವು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದಿರಿ, ಲ್ಯಾಪ್‌ಟಾಪ್ ಅದಕ್ಕೆ ಸೇರಿತು. ಆದರೂ ನೆಟ್ ಇಲ್ಲ. ಏಕೆಂದರೆ ಸ್ವಿಚ್ ಜೀವಂತವಿರುವುದರಿಂದ ಕೇಬಲಿನ ದೀಪ ಉರಿಯುತ್ತಲೇ ಇದೆ. ಲ್ಯಾಪ್‌ಟಾಪ್ ಆ ಸತ್ತ ದಾರಿಯನ್ನೇ ನಂಬಿ ಕೂತಿದೆ. ಕೇಬಲ್ ಕಿತ್ತು ನೋಡಿ, ಕೂಡಲೇ ಬರುತ್ತದೆ. ಕಾಯಂ ಪರಿಹಾರ ಬೇಕಾದರೆ ಎರಡೂ ಪೆಟ್ಟಿಗೆಗಳನ್ನು ಇನ್ವರ್ಟರಿನ ಪಾಯಿಂಟಿಗೆ ಹಾಕಿಸಿ. ಕರೆಂಟು ಬಂದ ಮೇಲೆ ಹಾಟ್‌ಸ್ಪಾಟ್ ಆಫ್ ಮಾಡಲು ಮರೆಯಬೇಡಿ. ಮರೆತು ಡೇಟಾ ಖಾಲಿ ಮಾಡಿಕೊಂಡವರೂ, ಪ್ರಿಂಟರ್ ಕಾಣುವುದಿಲ್ಲ ಎಂದು ನನಗೆ ಫೋನ್ ಮಾಡಿದವರೂ ಇದ್ದಾರೆ.

ಡಿವಿಆರನ್ನೋ ಪ್ರಿಂಟರನ್ನೋ ಲ್ಯಾಪ್‌ಟಾಪಿಗೆ ನೇರ ಕೇಬಲಿನಲ್ಲಿ ಜೋಡಿಸಿ, ನೆಟ್ ಮಾತ್ರ ವೈಫೈಯಿಂದ ತೆಗೆಯುವವರೂ ಉಂಟು. ಅವರು ಕೇಬಲ್ ಸಂಪರ್ಕದ ಐಪಿಯನ್ನು ಕೈಯಾರೆ ಕೊಡುವಾಗ ಗೇಟ್‌ವೇ ಜಾಗವನ್ನು ಖಾಲಿ ಬಿಡಬೇಕು. ಅಲ್ಲಿ ಏನಾದರೂ ತುಂಬಿಸಿದರೆ ನೆಟ್ ಆ ಕಡೆ ಹೋಗಿ ಗೋಡೆಗೆ ಬಡಿಯುತ್ತದೆ. ವಾರ್ಡ್ ಕೂಡ ವೈಫೈಯದ್ದಕ್ಕಿಂತ ಬೇರೆ ಇರಲಿ.

ಅಂಕವನ್ನು ನೀವೇ ಕೊಡಬೇಕೆಂದಿದ್ದರೆ ಹಳೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆ ಸಂಪರ್ಕದ ಪ್ರಾಪರ್ಟೀಸ್, ಅದರಲ್ಲಿ ಐಪಿವಿ4, ಅದರಲ್ಲಿ ಅಡ್ವಾನ್ಸ್ಡ್ ತೆರೆಯಿರಿ. ಆಟೋಮ್ಯಾಟಿಕ್ ಮೆಟ್ರಿಕ್‌ನ ಟಿಕ್ ತೆಗೆದು, ಬೇಕಾದ ದಾರಿಗೆ 10, ಬೇಡದ್ದಕ್ಕೆ 50 ಎಂದು ಹಾಕಿ. ಮ್ಯಾಕ್ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗಿನ ಸರ್ವೀಸ್ ಆರ್ಡರ್‌ನಲ್ಲಿ ಮೇಲೆ ಕೆಳಗೆ ಎಳೆದರೆ ಆಯಿತು.

ಹಂತ 8: ಕೇಬಲಿದ್ದೂ ನಿಧಾನವೇ?

ಲ್ಯಾನ್ ಕೇಬಲಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಅಟ್ಟದಲ್ಲಿ ಇಲಿ ಒಂದು ಎಳೆ ಕಡಿದರೂ ಎಷ್ಟೋ ಸಲ ನೆಟ್ ಪೂರ್ತಿ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. 300ರ ಪ್ಲಾನಿಗೆ ದುಡ್ಡು ಕೊಟ್ಟು 95ರ ಆಸುಪಾಸಿನಲ್ಲೇ ನಿಂತಿದೆ ಎಂದಾದರೆ ಮೊದಲು ಇದನ್ನೇ ಸಂಶಯ ಪಡಿ. ವಿಂಡೋಸ್ 11ರಲ್ಲಿ ಈಥರ್ನೆಟ್ ಪುಟದ ಲಿಂಕ್ ಸ್ಪೀಡ್ ನೋಡಿ. 100/100 ಎಂದಿದ್ದರೆ ಒಂದೋ ಕೇಬಲ್, ಇಲ್ಲವೇ ನಡುವಿನ ಹಳೆಯ ಸ್ವಿಚ್. ಗಿಡ್ಡ ಕೇಬಲಿನಲ್ಲಿ ನೇರ ಜೋಡಿಸಿದಾಗ 1000 ತೋರಿಸಿದರೆ ಉದ್ದದ ಕೇಬಲಿನದ್ದೇ ತಪ್ಪು.

ತುದಿಯ ಪಾರದರ್ಶಕ ಕ್ಲಿಪ್ಪನ್ನು ಬೆಳಕಿಗೆ ಹಿಡಿದು ನೋಡಿ. ಎಂಟೂ ಎಳೆ ಮುಂದಿನವರೆಗೆ ಬಂದು ತಾಗಿರಬೇಕು. ಬಣ್ಣದ ಕ್ರಮ ಎರಡೂ ತುದಿಯಲ್ಲಿ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಮ್ಮ ಮಳೆಗಾಲದಲ್ಲಿ ತುದಿಯ ಲೋಹಕ್ಕೆ ಹಸಿರು ಕಿಲುಬು ಹಿಡಿಯುವುದೂ ಉಂಟು. ತುದಿ ಕತ್ತರಿಸಿ ಹೊಸ ಕ್ಲಿಪ್ ಹಾಕಿಸಿ. ಹೊಸ ಕೇಬಲ್ ತರುವುದಾದರೆ ಕ್ಯಾಟ್ 6, ಪೂರ್ತಿ ತಾಮ್ರದ್ದು ಎಂದು ಕೇಳಿ ತನ್ನಿ. ಅಲ್ಯೂಮಿನಿಯಂ ಎಳೆಗೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ಬೇಗ ಮುರಿಯುತ್ತದೆ. ಒಂದು ಓಟ 100 ಮೀಟರ್ ಮೀರಬಾರದು.

ವೈಫೈ ಕಡೆಗೆ ಎರಡೇ ಮಾತು. ಎರಡೂ ಪೆಟ್ಟಿಗೆಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿ, ನಡೆದಾಡುವಾಗ ಫೋನು ತಾನೇ ಬದಲಿಸಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಕೆಂಪುಕಲ್ಲಿನ ಗೋಡೆಯ ಮುಂದೆ ಅದರ ಆಟ ನಡೆಯುವುದಿಲ್ಲ. ಪೆಟ್ಟಿಗೆ ಇರುವ ಕೋಣೆಯಲ್ಲೇ ಅದನ್ನು ಬಳಸಿ.

ಸಿಡಿಲಿನ ವಿಷಯ

ಮಳೆಗಾಲಕ್ಕೆ ಮುಂಚಿನ ಗುಡುಗು, ತುಲಾ ತಿಂಗಳ ಸಂಜೆ ಮಳೆ ನಮ್ಮ ಕಡೆ ಎಷ್ಟು ರೌಟರ್ ತಿಂದಿದೆಯೋ ಲೆಕ್ಕವಿಲ್ಲ. "ಫೈಬರ್ ಅಲ್ವಾ, ಅದಕ್ಕೆ ಸಿಡಿಲು ತಾಗುವುದಿಲ್ಲ" ಎಂದು ಸುಮ್ಮನಿರಬೇಡಿ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಬರುವ ಎಷ್ಟೋ ಫೈಬರ್‌ಗಳ ಜೊತೆ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅಡಾಪ್ಟರ್ ಮೂಲಕ ಕರೆಂಟಿನ ಲೈನಿನಿಂದಲೂ ಬರುತ್ತದೆ. ನಿಮ್ಮ ಲ್ಯಾನ್ ಕೇಬಲಂತೂ ಪೂರ್ತಿ ತಾಮ್ರ. ಒಂದು ತುದಿಯಲ್ಲಿ ಬಂದದ್ದನ್ನು ಇನ್ನೊಂದು ತುದಿಯ ಲ್ಯಾಪ್‌ಟಾಪಿಗೆ ಮುಟ್ಟಿಸಿಯೇ ಬಿಡುತ್ತದೆ.

ಮೋಡ ಕಟ್ಟಿದಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿ. ಬಟನ್ ಆಫ್ ಮಾಡಿದರೆ ಸಾಲದು. ಲ್ಯಾನ್ ಕೇಬಲನ್ನು ಎರಡೂ ತುದಿಯಲ್ಲಿ ತೆಗೆಯಿರಿ. ಗುಡುಗು ಶುರುವಾದ ಮೇಲೆ ಇದ್ಯಾವುದಕ್ಕೂ ಕೈ ಹಾಕಬೇಡಿ, ಹೋದರೆ ರೌಟರ್ ಹೋಗಲಿ.

ಮನೆಯಿಂದ ಔಟ್‌ಹೌಸಿಗೋ ಅಂಗಳ ದಾಟಿ ಕೊಟ್ಟಿಗೆಗೋ ಲ್ಯಾನ್ ಕೇಬಲ್ ಎಳೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಷ್ಟು ದೂರಕ್ಕೆ ಲೋಹದ ತಂತಿ ಇಲ್ಲದ ಫೈಬರನ್ನೇ ಎಳೆಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿಸಿ. ಬೆಳಕನ್ನು ಲ್ಯಾನ್ ಮಾಡಿಕೊಡುವ ಸಣ್ಣ ಪೆಟ್ಟಿಗೆ ಅದು. ಖರ್ಚು ಸ್ವಲ್ಪ ಹೆಚ್ಚು. ಎರಡು ರೌಟರ್, ಒಂದು ಟಿವಿ ಸುಟ್ಟ ಮೇಲೆ ಅದೇ ಅಗ್ಗ ಎಂದು ಕಾಣುತ್ತದೆ.

ಕಂಪನಿಗೆ ಫೋನ್ ಮಾಡುವಾಗ

"ನೆಟ್ ಇಲ್ಲ" ಎಂದಷ್ಟೇ ಹೇಳಿದರೆ ಅವರು ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ, ಅಷ್ಟೇ. ಹೀಗೆ ಹೇಳಿ: ಪಿ-ಒ-ಎನ್ ಎಂದು ಬರೆದ ಫೈಬರಿನ ದೀಪ ಹಸಿರು ನಿಂತಿದೆ, ಎಲ್‌ಒಎಸ್ ಆರಿದೆ, ಎಲ್ಲ ಬಿಡಿಸಿ ಒಂದೇ ಲ್ಯಾಪ್‌ಟಾಪ್ ಕೇಬಲಿನಲ್ಲಿ ಹಾಕಿದ್ದೇನೆ, ಐಪಿ ಇಷ್ಟು ಬಂದಿದೆ, ನೆಟ್ ಮಾತ್ರ ಇಲ್ಲ. ಆಚೆಯವರು ಮಲಯಾಳದಲ್ಲಿ ಮಾತಾಡಿದರೂ ಚಿಂತೆ ಬೇಡ, ಡಿಎಚ್‌ಸಿಪಿಗೆ ಅಲ್ಲೂ ಡಿಎಚ್‌ಸಿಪಿ ಎಂದೇ ಹೇಳುವುದು. ಮನೆಗೆ ಬಂದವರು ನಿಮ್ಮ ರೌಟರನ್ನು ರಿಸೆಟ್ ಮಾಡುತ್ತೇನೆ ಎಂದರೆ ಒಂದು ನಿಮಿಷ ನಿಲ್ಲಿಸಿ. ಲ್ಯಾನ್, ಡಿಎಚ್‌ಸಿಪಿ, ರಿಸರ್ವೇಷನ್ ಮೂರೂ ಪುಟದ ಫೋಟೋ ತೆಗೆದುಕೊಂಡು, ಆಮೇಲೆ ಸೂಜಿ ಕೊಡಿ.